ಮುಂಬೈಗೆ ಮೂರು ದಿನ: ಮಕ್ಕಳನ್ನು ಕರೆದುಕೊಂಡು ಹೋಗೋದಾ, ಅಜ್ಜಿ ಮನೆಯಲ್ಲಿ ಬಿಡೋದಾ?

ತುಮಕೂರು_ಸೊಸೆ
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಷಯಕ್ಕೆ ಮನೆಯಲ್ಲಿ ದಿನಾ ಮಾತು ನಡೆಯುತ್ತಿದೆ. ಇಲ್ಲಿ ಕೇಳಿದರೆ ಬೇಗ ಮುಗಿಯುತ್ತದೆ ಅಂತ ಬಂದೆ, ನಗಬೇಡಿ.

ಡಿಸೆಂಬರ್‌ನಲ್ಲಿ ನನ್ನ ಯಜಮಾನರಿಗೆ ಮುಂಬೈಯಲ್ಲಿ ಆಫೀಸ್ ಕೆಲಸ ಇದೆ. ಶುಕ್ರವಾರ ಸಂಜೆಗೆ ಮುಗಿಯುತ್ತದೆ. "ನೀನೂ ಬಾ, ಸೋಮವಾರ ಸಂಜೆವರೆಗೆ ಇದ್ದು ಬರೋಣ" ಅನ್ನುತ್ತಿದ್ದಾರೆ. ರೂಮು ದಕ್ಷಿಣ ಮುಂಬೈಯ ಫೋರ್ಟ್ ಏರಿಯಾ ಹತ್ತಿರ. ನಾನು ಮುಂಬೈ ನೋಡಿಲ್ಲ. ಚಿಕ್ಕವನು ಹುಟ್ಟಿದ ಮೇಲೆ ನಾವಿಬ್ಬರೇ ಕೂತು ಒಂದು ಕಾಫಿ ಕುಡಿದಿಲ್ಲ, ಅದೂ ಇದೆ.

ದೊಡ್ಡವಳಿಗೆ ನಾಲ್ಕೂವರೆ ವರ್ಷ, ಚಿಕ್ಕವನಿಗೆ ಒಂದೂವರೆ. ಅತ್ತೆ "ತುಮಕೂರಿನಲ್ಲಿ ಬಿಟ್ಟು ಹೋಗಿ, ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಾರೆ. ಯಜಮಾನರದ್ದೂ ಅದೇ ಮಾತು. ನನಗೆ ಬಿಟ್ಟು ಹೋಗಲು ಮನಸ್ಸಿಲ್ಲ. ಆದರೆ ಅವರು ಮೊದಲೇ ಅಲ್ಲಿರುತ್ತಾರೆ, ಹಾಗಾಗಿ ಇಬ್ಬರನ್ನೂ ಕರೆದುಕೊಂಡು ನಾನೊಬ್ಬಳೇ ವಿಮಾನ ಹತ್ತಬೇಕು. ಅದನ್ನು ನೆನೆಸಿಕೊಂಡರೆ ಬೆವರು ಬರುತ್ತದೆ. ಚಿಕ್ಕವನು ಇನ್ನೂ ರಾತ್ರಿ ಎದೆಹಾಲಿಗೆ ಏಳುತ್ತಾನೆ. ದೊಡ್ಡವಳು ಸಮುದ್ರ ಅನ್ನುವ ಮಾತು ಕೇಳಿಸಿಕೊಂಡುಬಿಟ್ಟಿದ್ದಾಳೆ. ಅನುಭವ ಇರುವವರು ಹೇಳಿ.

ಕೋರಮಂಗಲ_ಕುಮಾರ
ಬಿಟ್ಟು ಹೋಗಿ. ಇದರಲ್ಲಿ ಯೋಚನೆ ಮಾಡಲು ಏನಿದೆ?

ಅವಳಿ_ಜವಳಿ
ಕುಮಾರ್ ಅವರೇ, ನಿಮ್ಮ ಮನೆಯಲ್ಲಿ ರಾತ್ರಿ ಎದ್ದು ಮಗು ಸಮಾಧಾನ ಮಾಡುವವರು ಯಾರು ಅಂತ ಮೊದಲು ಹೇಳಿ. ಆಮೇಲೆ ನಿಮ್ಮ ಉತ್ತರದ ಬಗ್ಗೆ ಮಾತಾಡೋಣ.

ಕೋರಮಂಗಲ_ಕುಮಾರ
ನಾನೇ. ಅದಕ್ಕೇ ಬಿಟ್ಟು ಹೋಗಿ ಅಂದಿದ್ದು.

ನಿವೃತ್ತ_ಮೇಷ್ಟ್ರು
ಸುಮ್ನೆ ದುಡ್ಡು ದಂಡ. ಮೂರು ವರ್ಷದ ಒಳಗಿನದ್ದು ಹೆಚ್ಚಿನವರಿಗೆ ದೊಡ್ಡವರಾದ ಮೇಲೆ ನೆನಪೇ ಇರುವುದಿಲ್ಲ. ಒಂದೂವರೆ ವರ್ಷದವನಿಗೆ ಗೇಟ್‌ವೇ ಆಫ್ ಇಂಡಿಯಾನೂ ಒಂದೇ, ತುಮಕೂರಿನ ಟೌನ್ ಹಾಲ್ ಸರ್ಕಲ್ಲೂ ಒಂದೇ. ಅವನಿಗೆ ಬೇಕಾಗಿರುವುದು ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ. ಎರಡೂ ಪ್ರವಾಸದಲ್ಲಿ ಸಿಗುವುದಿಲ್ಲ. ಅವನು ಅಳುತ್ತಾನೆ, ಅವನನ್ನು ನೋಡಿ ಅಕ್ಕ ಹಟ ಮಾಡುತ್ತಾಳೆ, ಅವಳನ್ನು ನೋಡಿ ಅಪ್ಪ ರೇಗುತ್ತಾನೆ.

ಛತ್ರದ_ಊಟ
ನೆನಪಿರದಿದ್ದರೆ ಬೇಡ ಅಂದರೆ ನಾಮಕರಣ ಯಾಕೆ ಮಾಡಬೇಕು ಮೇಷ್ಟ್ರೇ? ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಛತ್ರ ಹಿಡಿದು ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತಾರಲ್ಲ, ಆ ಮಗುವಿಗೆ ಏನು ನೆನಪಿರುತ್ತದೆ? ಅದು ಅಪ್ಪ ಅಮ್ಮನ ಸಂತೋಷಕ್ಕೆ. ಇದೂ ಹಾಗೇ.

ನಿವೃತ್ತ_ಮೇಷ್ಟ್ರು
ಆ ಹೋಳಿಗೆಯೂ ಬೇಡ ಎಂಬುದೇ ನನ್ನ ವಾದ.

ನೈಟ್_ಶಿಫ್ಟ್_ನರ್ಸ್
ಎಲ್ಲರೂ ನೆನಪು, ದುಡ್ಡು ಅಂತ ಮಾತಾಡುತ್ತಿದ್ದೀರಿ. ಅವರು ಬರೆದ ಒಂದು ಸಾಲನ್ನು ಯಾರೂ ನೋಡಿಲ್ಲ. ಮಗು ರಾತ್ರಿ ಎದೆಹಾಲು ಕುಡಿಯುತ್ತಿದೆ.

ಅಕ್ಕ, ರಾತ್ರಿ ಹಾಲು ಕುಡಿಸುತ್ತಿರುವವರು ಮೂರು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎದೆ ಗಟ್ಟಿಯಾಗಿ ನೋವು ಬರುತ್ತದೆ. ಕೆಲವರಿಗೆ ಬಾವು ಬಂದು ಜ್ವರವೂ ಬರುತ್ತದೆ. ಆಗ ಪ್ರವಾಸ ಹೋಯಿತು, ಮುಂಬೈಯಲ್ಲಿ ಕೂತು ಡಾಕ್ಟರ್ ಹುಡುಕಬೇಕು. ಬಿಟ್ಟೇ ಹೋಗುವುದಾದರೆ ಈಗಿನಿಂದಲೇ ರಾತ್ರಿಯ ಹಾಲನ್ನು ನಿಧಾನವಾಗಿ ಕಡಿಮೆ ಮಾಡಿಕೊಂಡು ಬನ್ನಿ. ಅಲ್ಲಿ ಕೈಯಿಂದಲೋ ಪಂಪ್‌ನಿಂದಲೋ ಹಾಲು ತೆಗೆಯಬೇಕಾಗುತ್ತದೆ. ಆದರೆ ಪ್ರವಾಸಕ್ಕೋಸ್ಕರ ಹಾಲು ಬಿಡಿಸಬೇಕು ಅಂತೇನೂ ಇಲ್ಲ. ಎರಡು ವರ್ಷ, ಅದಕ್ಕಿಂತ ಜಾಸ್ತಿ ಕುಡಿಸಿದರೂ ಒಳ್ಳೆಯದೇ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ನನ್ನ ಮಟ್ಟಿಗೆ ಚಿಕ್ಕವನ ವಿಷಯ ಅಲ್ಲಿಗೆ ಮುಗಿಯಿತು. ಅವನು ನಿಮ್ಮ ಜೊತೆ ಬರಬೇಕು.

ಅವಳಿ_ಜವಳಿ
ಹೌದು, ಇದನ್ನು ಹೇಳಲು ಒಬ್ಬರು ಬೇಕಿತ್ತು.

ಡೊಂಬಿವಲಿ_ಶೆಟ್ಟಿ
ನಮಸ್ಕಾರ, ನಾನು ಇಲ್ಲೇ ಇರುವವನು. ಬರುವುದಾದರೆ ಡಿಸೆಂಬರ್ ಒಳ್ಳೆಯ ಕಾಲ. ಮಳೆ ಇಲ್ಲ, ಸೆಖೆ ಕಡಿಮೆ. ಬೆಂಗಳೂರಿನವರಿಗೆ ಆದರೂ ಬೆವರುತ್ತದೆ, ಮಕ್ಕಳಿಗೆ ಸ್ವೆಟರ್ ಹೊರಬೇಡಿ, ಕಾಟನ್ ಬಟ್ಟೆ ಜಾಸ್ತಿ ತನ್ನಿ.

ಫೋರ್ಟ್‌ನಲ್ಲಿ ರೂಮು ಸಿಕ್ಕಿದ್ದು ನಿಮ್ಮ ಅದೃಷ್ಟ. ಗೇಟ್‌ವೇ, ಛತ್ರಪತಿ ಶಿವಾಜಿ ಮ್ಯೂಸಿಯಂ, ಮರೀನ್ ಡ್ರೈವ್ ಎಲ್ಲ ಹತ್ತಿರ. ಎರಡು ವಿಷಯ ನೆನಪಿಡಿ. ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ. ಬಾಂದ್ರಾ, ಸಯಾನ್ ದಾಟಿದ ಮೇಲೆ ಟ್ಯಾಕ್ಸಿನೇ. ಇನ್ನೊಂದು, ಭಾನುವಾರ ಲೋಕಲ್ ನಂಬಿಕೊಳ್ಳಬೇಡಿ. ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತದೆ, ರೈಲು ಕಡಿಮೆ, ಜನ ಜಾಸ್ತಿ. ಮಗಳಿಗೆ ಲೋಕಲ್ ತೋರಿಸಲೇಬೇಕು ಅಂದರೆ ಶನಿವಾರ ಮಧ್ಯಾಹ್ನ 12ರಿಂದ 3ರ ಒಳಗೆ ಚರ್ಚ್‌ಗೇಟ್‌ನಲ್ಲಿ ಹತ್ತಿ. ಅದು ಮೊದಲ ಸ್ಟೇಷನ್, ಕೂರಲು ಜಾಗ ಸಿಗುತ್ತದೆ. ಸಂಜೆ ಆಫೀಸ್ ಬಿಡುವ ಹೊತ್ತಿಗೆ ಮಗು ಎತ್ತಿಕೊಂಡು ಆ ಕಡೆ ತಲೆ ಹಾಕಬೇಡಿ.

ಏರ್‌ಪೋರ್ಟ್‌ನಿಂದ ಈಗ ನೆಲದಡಿಯ ಮೆಟ್ರೋ ಇದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಮೂರನೇ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ಶುರುವಾಯಿತು. ಟರ್ಮಿನಲ್ 1, ಟರ್ಮಿನಲ್ 2 ಎರಡಕ್ಕೂ ಸ್ಟೇಷನ್ ಇದೆ. ಹುತಾತ್ಮ ಚೌಕದಲ್ಲಿ ಇಳಿದರೆ ಫೋರ್ಟ್. ಶುಕ್ರವಾರ ಸಂಜೆ ಟ್ಯಾಕ್ಸಿಯಲ್ಲಿ ಸಿಕ್ಕಿಕೊಂಡು ಮಗು ವಾಂತಿ ಮಾಡಿಕೊಳ್ಳುವುದಕ್ಕಿಂತ ಅದು ವಾಸಿ.

ಸಾಗರ_ಸುತ್ತಾಟ
ಮಕ್ಕಳಿಗೆ ತಾರಾಪೋರ್‌ವಾಲಾ ಅಕ್ವೇರಿಯಂ ತೋರಿಸಿ. ಮರೀನ್ ಡ್ರೈವ್‌ನಲ್ಲೇ ಇದೆ.

ಡೊಂಬಿವಲಿ_ಶೆಟ್ಟಿ
ಅದು ಮುಚ್ಚಿ ವರ್ಷಗಳಾದವು ಮಾರಾಯ್ರೇ.

ಹಾಸನದ_ಅಜ್ಜಿ
ನೋಡಮ್ಮ, ನಾನು ಈ ಕಡೆಯವಳು. ಅಂದರೆ ಮಕ್ಕಳನ್ನು ಬಿಟ್ಟು ಹೋಗುವವರ ಕಡೆ ಅಲ್ಲ, ಯಾರ ಹತ್ತಿರ ಬಿಟ್ಟು ಹೋಗುತ್ತಾರೋ ಅವರ ಕಡೆ. ಅದಕ್ಕೆ ನಾಲ್ಕು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೀರಾ ಅಂತ ಕೇಳಿದರೆ ಇಲ್ಲ ಅನ್ನುವ ಅಜ್ಜಿ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಆ "ಹೂಂ" ಅನ್ನು ನಂಬಿ ಟಿಕೆಟ್ ಮಾಡಬೇಡ. ನಿಮ್ಮತ್ತೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಮಂಡಿ ಹೇಗಿದೆ, ಬಿಪಿ ಮಾತ್ರೆ ತಗೊಂಡ ಮೇಲೆ ತಲೆ ಸುತ್ತುತ್ತದಾ, ಮಧ್ಯಾಹ್ನ ಮಲಗದಿದ್ದರೆ ಏನಾಗುತ್ತದೆ, ಇದು ನಿನಗೆ ಗೊತ್ತಾ? ಗೊತ್ತಿಲ್ಲದಿದ್ದರೆ ತಿಳಿದುಕೋ. ನಾಲ್ಕೂವರೆ ವರ್ಷದವಳು ಕತೆ ಹೇಳಿದರೆ ಕೂರುತ್ತಾಳೆ. ಒಂದೂವರೆ ವರ್ಷದವನು ಓಡುತ್ತಾನೆ. ನಾವು ಓಡಲಾರೆವು. ಇಷ್ಟೇ ವಿಷಯ.

ವಯಸ್ಸಾದವರ ಮನೆ ಚಿಕ್ಕ ಮಕ್ಕಳಿಗೆ ಸಜ್ಜಾಗಿರುವುದಿಲ್ಲ. ನಮ್ಮ ಮಾತ್ರೆ ಡಬ್ಬಿ ಕೈಗೆ ಸಿಗಲಿ ಅಂತ ಮಂಚದ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇವೆ. ಮಗುವಿಗೂ ಅದೇ ಸಿಗುತ್ತದೆ. ಸಂಪಿನ ಮುಚ್ಚಳ, ಬಚ್ಚಲಿನ ಬಕೆಟ್ ನೀರು, ಮಹಡಿ ಮೆಟ್ಟಿಲು, ದೇವರ ಮನೆಯ ದೀಪ. ಇಷ್ಟನ್ನೂ ನೀನೇ ಹೋಗಿ ನೋಡಿ ಸರಿ ಮಾಡಿ ಬರಬೇಕು. ಯಾವ ಡಾಕ್ಟರು, ಜ್ವರಕ್ಕೆ ಯಾವ ಔಷಧಿ, ಎಷ್ಟು ಎಂಎಲ್, ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸು. ವಾಟ್ಸಾಪ್‌ನಲ್ಲಿ ಕಳಿಸಿದರೆ ಆ ಗಳಿಗೆಯಲ್ಲಿ ನಮಗೆ ಸಿಗುವುದಿಲ್ಲ.

ಅದಕ್ಕೂ ಮೊದಲು ಒಂದು ರಾತ್ರಿ ಬಿಟ್ಟು ನೋಡು. ನೀನು ತುಮಕೂರಿನಲ್ಲೇ ಯಾರಾದರೂ ನೆಂಟರ ಮನೆಯಲ್ಲಿ ಇರು. ಬೆಳಿಗ್ಗೆ ನಿಮ್ಮತ್ತೆಯ ಮುಖ ನೋಡಿದರೆ ಉತ್ತರ ಸಿಗುತ್ತದೆ.

ಕೋರಮಂಗಲ_ಕುಮಾರ
ಅಜ್ಜಿ, ನೀವು ಬರೆದದ್ದನ್ನು ನಮ್ಮಮ್ಮನಿಗೆ ಓದಿ ಹೇಳಿದೆ. "ಈಗ ಗೊತ್ತಾಯಿತಾ" ಅಂತ ಒಂದೇ ಮಾತು ಹೇಳಿ ಒಳಗೆ ಹೋದರು.

ಮಂಡ್ಯದ_ಗಂಡು
ಅಕ್ಕ, ಮೊದಲು ಮೈಸೂರಿಗೆ ಹೋಗಿ ಬನ್ನಿ, ಟ್ರಯಲ್ ಥರ. ಒಂದು ರಾತ್ರಿ ಉಳಿಯಿರಿ. ಝೂನಲ್ಲಿ ಸುತ್ತಲು ಬ್ಯಾಟರಿ ಗಾಡಿ ಇದೆ. ರೈಲ್ವೆ ಮ್ಯೂಸಿಯಂನಲ್ಲಿ ಪುಟಾಣಿ ರೈಲು ಇದೆ. ಭಾನುವಾರ ಸಂಜೆ 7ಕ್ಕೆ ಅರಮನೆ ದೀಪ. ಮಂಗಳವಾರ ಮಾತ್ರ ಝೂ ಮುಚ್ಚಿರುತ್ತದೆ. ಹೊರಗಡೆ ಮಕ್ಕಳು ಹೇಗೆ ಮಲಗುತ್ತಾರೆ, ಏನು ತಿನ್ನುತ್ತಾರೆ ಅಂತ ಗೊತ್ತಾಗುತ್ತದೆ. ಎಡವಟ್ಟಾದರೆ ಮೂರು ಗಂಟೆಯಲ್ಲಿ ಮನೆಗೆ ಬರಬಹುದು.

ಛತ್ರದ_ಊಟ
ಮೈಸೂರು ಟ್ರಿಪ್ ಅಂದರೆ ನಮ್ಮ ಮನೆಯಲ್ಲಿ ಮದ್ದೂರಿನಲ್ಲಿ ವಡೆ ತಿನ್ನುವುದು, ವಾಪಸ್ ಬರುವಾಗ ಇನ್ನೊಮ್ಮೆ ತಿನ್ನುವುದು. ನಡುವೆ ಮೈಸೂರು ಬರುತ್ತದೆ.

ಮಂಡ್ಯದ_ಗಂಡು
ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮದ್ದೂರೂ ಬೈಪಾಸ್ ಆಯಿತಲ್ಲ ಸಾರ್. ವಡೆಗೆ ಅಂತಲೇ ಒಳಗೆ ಇಳಿಯಬೇಕು.

ಛತ್ರದ_ಊಟ
ಇಳಿಯುತ್ತೇವೆ.

ರೈಲು_ಹುಚ್ಚ
ವಿಮಾನ ಯಾಕೆ? ಉದ್ಯಾನ್ ಎಕ್ಸ್‌ಪ್ರೆಸ್ ಇದೆಯಲ್ಲ. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಮರುದಿನ ರಾತ್ರಿ ಸಿಎಸ್‌ಎಂಟಿ ಸ್ಟೇಷನ್, ಫೋರ್ಟ್ ಪಕ್ಕದಲ್ಲೇ ಇಳಿಯುತ್ತೀರಿ. ಐದು ವರ್ಷದ ಒಳಗಿನವರಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ಟೇ ಇಲ್ಲ. ಇಬ್ಬರಿಗೂ ಬಿಟ್ಟಿ. ಬರ್ತ್ ಬೇಕು ಅಂದರೆ ಮಾತ್ರ ಪೂರ್ತಿ ಚಾರ್ಜು. ಲೋಣಾವಳ ಘಾಟ್‌ನಲ್ಲಿ ಸಾಲು ಸಾಲು ಸುರಂಗ. ಪ್ರತಿ ಸುರಂಗಕ್ಕೂ ಮಕ್ಕಳು ಕೂಗುತ್ತಾರೆ, ಪಕ್ಕದ ಬೋಗಿಯವರೂ ಕೂಗುತ್ತಾರೆ. 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಲೋಯರ್ ಬರ್ತ್‌ಗೆ ಅಂಟಿಕೊಂಡ ಪುಟ್ಟ ಬೇಬಿ ಬರ್ತ್ ಅಂತ ಪ್ರಯೋಗ ಮಾಡಿದ್ದರು. ಅದು ಎಲ್ಲ ರೈಲಿಗೂ ಬಂದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಅವಳಿ_ಜವಳಿ
ಇಬ್ಬರು ಮಕ್ಕಳು, ಒಬ್ಬಳು ಅಮ್ಮ, ಒಂದು ಬರ್ತ್, ಒಂದು ದಿನ ಪೂರ್ತಿ. ಒಬ್ಬನನ್ನು ರೈಲಿನ ಟಾಯ್ಲೆಟ್‌ಗೆ ಕರೆದುಕೊಂಡು ಹೋದರೆ ಇನ್ನೊಬ್ಬಳನ್ನು ಯಾರ ಹತ್ತಿರ ಬಿಡಬೇಕು? ಮೂರು ದಿನದ ಟ್ರಿಪ್‌ಗೆ ಎರಡು ದಿನ ರೈಲಿನಲ್ಲೇ ಹೋಗುತ್ತದೆ. ಸ್ವಲ್ಪ ಲೆಕ್ಕ ಹಾಕಿ ಸಾರ್.

ರೈಲು_ಹುಚ್ಚ
ರೈಲೇ ಟ್ರಿಪ್ಪು ಅಂತ ತಿಳಿದುಕೊಂಡರೆ ಲೆಕ್ಕ ಸರಿಯಾಗುತ್ತದೆ.

ಜರ್ಮನಿ_ಜಯನಗರ
ನಮಗೆ ಇಲ್ಲಿ ಅಜ್ಜಿ ಮನೆ ಅನ್ನುವ ಆಯ್ಕೆಯೇ ಇಲ್ಲ. ಹಾಗಾಗಿ ಮಗುವಿಗೆ ಆರು ತಿಂಗಳಾದಾಗಿನಿಂದ ಎಲ್ಲ ಕಡೆ ಹೊತ್ತುಕೊಂಡೇ ಹೋಗುತ್ತೇವೆ. ಇಲ್ಲಿನ ಐಸಿಇ ಅನ್ನುವ ವೇಗದ ರೈಲುಗಳಲ್ಲಿ ಚಿಕ್ಕ ಮಕ್ಕಳಿರುವವರಿಗೆ ಅಂತಲೇ ಬಾಗಿಲಿರುವ ಬೇರೆ ಕೋಣೆ ಇರುತ್ತದೆ, ಆರು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಒಂದು ನಿಯಮ ಇಟ್ಟುಕೊಂಡಿದ್ದೇವೆ. ದಿನಕ್ಕೆ ದೊಡ್ಡವರದ್ದು ಒಂದು ಜಾಗ, ಮಕ್ಕಳದ್ದು ಒಂದು ಜಾಗ. ಅಷ್ಟೇ. ಮೂರನೆಯದನ್ನು ಸೇರಿಸಿದ ದಿನ ಸಂಜೆ ಮನೆಯವರೆಲ್ಲ ಅಳುತ್ತೇವೆ. ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಒಂದು ಇದ್ದರೆ ಯಾವ ಊರಾದರೂ ಸುತ್ತಬಹುದು.

ಬಸವನಗುಡಿ_ಬಾಲು
ಸ್ಟ್ರಾಲರ್ ತಗೊಂಡು ನಮ್ಮ ಗಾಂಧಿಬಜಾರ್‌ಗೆ ಬನ್ನಿ ಸಾರ್, ಒಂದು ರೌಂಡ್ ಹೊಡೆದು ತೋರಿಸಿ.

ಡೊಂಬಿವಲಿ_ಶೆಟ್ಟಿ
ಮುಂಬೈಯಲ್ಲೂ ಅದೇ ಕತೆ. ಫುಟ್‌ಪಾತ್ ಮೇಲೆ ಅಂಗಡಿ, ಅಂಗಡಿ ಪಕ್ಕ ಬೈಕು, ಬೈಕಿನ ಪಕ್ಕ ನಾವು. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ತನ್ನಿ.

ಜರ್ಮನಿ_ಜಯನಗರ
ಮರೀನ್ ಡ್ರೈವ್ ದಂಡೆ ಅಷ್ಟು ಅಗಲ ಇದೆ, ಅಲ್ಲಿ ಆರಾಮಾಗಿ ತಳ್ಳಬಹುದು. ಏರ್‌ಪೋರ್ಟ್, ಮ್ಯೂಸಿಯಂನಲ್ಲೂ ಆಗುತ್ತದೆ. ಮಡಚುವ ಸಣ್ಣದಾದರೆ ವಿಮಾನದ ಬಾಗಿಲವರೆಗೂ ಒಯ್ಯಲು ಸಾಮಾನ್ಯವಾಗಿ ಬಿಡುತ್ತಾರೆ. ಮಗು ಅದರಲ್ಲೇ ಮಲಗಿದರೆ ನೀವು ಬಿಸಿ ಊಟ ಮಾಡಬಹುದು. ಕ್ಯಾರಿಯರ್‌ನಲ್ಲಿ ಮಲಗಿದರೆ ಸಾಂಬಾರು ಅವನ ತಲೆ ಮೇಲೆ.

ನೈಟ್_ಶಿಫ್ಟ್_ನರ್ಸ್
ಸ್ಟ್ರಾಲರ್ ಜಗಳ ಆಮೇಲೆ. ವಿಮಾನದ ವಿಷಯ ಹೇಳುತ್ತೇನೆ, ಅಕ್ಕ ಹೆದರಿಕೊಂಡಿದ್ದಾರೆ.

ಎರಡು ವರ್ಷದ ಒಳಗಿನವನು ನಿಮ್ಮ ತೊಡೆ ಮೇಲೆ ಕೂರುತ್ತಾನೆ. ಅವನಿಗೆ ಸೀಟಿನ ದುಡ್ಡಿಲ್ಲ, ಇನ್ಫೆಂಟ್ ಚಾರ್ಜ್ ಅಂತ ಒಂದು ಮೊತ್ತ ಇರುತ್ತದೆ. ಮಗಳಿಗೆ ಸೀಟ್ ತಗೊಳ್ಳಲೇಬೇಕು. ಇಬ್ಬರ ಜನನ ಪ್ರಮಾಣಪತ್ರವೂ ಕೈಚೀಲದಲ್ಲಿರಲಿ, ಕೌಂಟರ್‌ನಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ. ಎಲ್ಲರ ಹೆಸರೂ ಒಂದೇ ಬುಕ್ಕಿಂಗ್‌ನಲ್ಲಿರಲಿ. 12 ವರ್ಷದ ಒಳಗಿನ ಮಕ್ಕಳನ್ನು ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಕೂರಿಸಬೇಕು ಎಂದು ವಿಮಾನಯಾನ ನಿಯಂತ್ರಿಸುವ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಸೂಚನೆ ಕೊಟ್ಟಿದೆ. ಸೀಟಿಗೆ ಎಕ್ಸ್‌ಟ್ರಾ ದುಡ್ಡು ಕೇಳಿದರೆ ಇದನ್ನು ನೆನಪಿಸಿ.

ಇರುವುದೇ ಎರಡು ಗಂಟೆಯೂ ಇಲ್ಲದ ಹಾರಾಟ. ಮೇಲೇರುವಾಗ, ಇಳಿಯುವಾಗ ಹಾಲು ಕುಡಿಸಿ, ಕಿವಿ ನೋವು ಕಡಿಮೆ. ಇಳಿಯುವಾಗಲೇ ಜಾಸ್ತಿ ಕಾಡುವುದು. ಮಗಳಿಗೆ ಏನಾದರೂ ಜಗಿಯಲು ಕೊಡಿ. ನೆಗಡಿ, ಕಿವಿ ಸೋಂಕು ಇದ್ದರೆ ಮಾತ್ರ ಮೊದಲೇ ಮಕ್ಕಳ ಡಾಕ್ಟರಿಗೆ ತೋರಿಸಿ.

ತುಮಕೂರು_ಸೊಸೆ
ಅಬ್ಬಾ, ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ನರ್ಸ್ ಅವರ ಮಾತು ಓದಿದ ಮೇಲೆ ಚಿಕ್ಕವನನ್ನು ಬಿಡುವುದಿಲ್ಲ ಅಂತ ಮನೆಯಲ್ಲಿ ಹೇಳಿದೆ. ಯಜಮಾನರು ಒಪ್ಪಿದರು. ಈಗ ಅವರದ್ದು ಹೊಸ ರಾಗ. "ಹಾಗಾದರೆ ದೊಡ್ಡವಳನ್ನು ಮಾತ್ರ ಬಿಟ್ಟು ಹೋಗೋಣ, ಅವಳಿಗೆ ಅಜ್ಜಿ ಅಂದರೆ ಪ್ರಾಣ, ತೊಂದರೆ ಇಲ್ಲ." ಇದು ಸರೀನಾ?

ಅವಳಿ_ಜವಳಿ
ಬೇಡವೇ ಬೇಡ. ತಮ್ಮ ವಿಮಾನ ಹತ್ತಿ ಸಮುದ್ರ ನೋಡಿಬಂದ, ನಾನು ತುಮಕೂರಿನಲ್ಲಿ ಕೂತಿದ್ದೆ. ಇದನ್ನು ಅವಳು ಮದುವೆಯಾಗಿ ಮಕ್ಕಳಾದ ಮೇಲೂ ಹೇಳುತ್ತಾಳೆ.

ನಿವೃತ್ತ_ಮೇಷ್ಟ್ರು
ಇಲ್ಲಿ ನಾನು ಅವಳಿ_ಜವಳಿ ಅವರ ಪರ. ನೋಡಿ ಸಂತೋಷಪಡುವ ವಯಸ್ಸಿನವಳನ್ನು ಬಿಟ್ಟು, ನೋಡಲು ಬಾರದವನನ್ನು ಕರೆದೊಯ್ಯುವುದು ಯಾವ ನ್ಯಾಯ?

ಬಸವನಗುಡಿ_ಬಾಲು
ಸುಮ್ನೆ ದೊಡ್ಡದು ಮಾಡುತ್ತಿದ್ದೀರಿ. ನಮ್ಮಣ್ಣನ ಜೊತೆ ನಮ್ಮಪ್ಪ ಮದ್ರಾಸ್‌ಗೆ ಹೋಗಿ ನನ್ನನ್ನು ಬಿಟ್ಟಿದ್ದರು. ನನಗೇನೂ ಆಗಿಲ್ಲ.

ಛತ್ರದ_ಊಟ
ಏನೂ ಆಗಿಲ್ಲ, ಇಷ್ಟು ವರ್ಷ ಆದ ಮೇಲೆ ಇಲ್ಲಿ ಬಂದು ಬರೆಯುತ್ತಿದ್ದೀರಿ ಅಷ್ಟೇ.

ಹಾಸನದ_ಅಜ್ಜಿ
ನನ್ನ ಕೇಳಿದರೆ, ಅತ್ತೆಯನ್ನೂ ಕರೆದುಕೊಂಡು ಹೋಗು. ಸಂಜೆ ಮಕ್ಕಳು ಮಲಗಿದ ಮೇಲೆ ಅವರು ರೂಮಿನಲ್ಲಿರುತ್ತಾರೆ, ನೀವಿಬ್ಬರೂ ಹೊರಗೆ ಹೋಗಿ ಬನ್ನಿ. ಓಡಬೇಕಾದ ಕೆಲಸ ಇಲ್ಲ. ಸಿದ್ಧಿವಿನಾಯಕನ ದರ್ಶನ ಮಾಡಿಸಿದರೆ ಇನ್ನೂ ಸಂತೋಷ.

ಕೋರಮಂಗಲ_ಕುಮಾರ
ಗಂಡ ಹೆಂಡತಿ ಕಾಫಿ ಕುಡಿಯಲು ಹೊರಟಿದ್ದು ಈಗ ಐದು ಜನರ ಯಾತ್ರೆ ಆಯಿತು. ಭೇಷ್.

ಊಟದ_ಡಬ್ಬಿ
ಊಟದ ಬಗ್ಗೆ ಯಾರೂ ಹೇಳಿಲ್ಲ, ಮಕ್ಕಳ ಟ್ರಿಪ್ ಕೆಡುವುದೇ ಅಲ್ಲಿ. ರೂಮಿನಲ್ಲಿ ಕೆಟಲ್ ಇದೆಯಾ ಕೇಳಿ. ರಾಗಿ ಸರಿ ಪುಡಿ ತಗೊಂಡು ಹೋದರೆ ಬಿಸಿನೀರಿನಲ್ಲಿ ಕಲಸಿ ಚಿಕ್ಕವನಿಗೆ ಎರಡು ಹೊತ್ತು ಕಳೆಯುತ್ತದೆ. ಮನೆಯಲ್ಲೇ ಚೆನ್ನಾಗಿ ಹುರಿದು ಬೇಯಿಸಿ ಒಣಗಿಸಿದ್ದಾದರೆ ಒಳ್ಳೆಯದು, ಹಸಿ ಹಿಟ್ಟಿಗೆ ಬರೀ ಬಿಸಿನೀರು ಸಾಲುವುದಿಲ್ಲ. ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ, ತಳ ಹಿಡಿದು ಹೋಟೆಲ್‌ನವರು ದಂಡ ಹಾಕುತ್ತಾರೆ. ಒಂದು ಹೋಟೆಲ್‌ನಲ್ಲಿ ನಮಗೆ ಹೊಸ ಕೆಟಲ್‌ನ ದುಡ್ಡು ಬಿಲ್‌ಗೆ ಸೇರಿಸಿದರು, ಅದಕ್ಕೂ ಮೊದಲೇ ಅದು ಕಪ್ಪಾಗಿತ್ತು. ಹೆಸರು ಬೇಡ ಬಿಡಿ. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಒಂದು ಹಳೇ ಬೆಡ್‌ಶೀಟ್. ಬೆಡ್‌ಶೀಟ್ ಯಾಕೆ ಅಂತ ಮೊದಲ ರಾತ್ರಿಯೇ ಗೊತ್ತಾಗುತ್ತದೆ.

ಡೊಂಬಿವಲಿ_ಶೆಟ್ಟಿ
ಊಟಕ್ಕೆ ಚಿಂತೆ ಬೇಡ. ಈ ಊರಿನಲ್ಲಿ ಎಲ್ಲಿ ತಿರುಗಿದರೂ ನಮ್ಮವರ ಹೋಟೆಲ್. ಕೌಂಟರಿನಲ್ಲಿ ಕೂತವರ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ, "ಮಗುವಿಗೆ ಖಾರ ಇಲ್ಲದೆ ಸ್ವಲ್ಪ ಮೆತ್ತಗೆ ಅನ್ನ" ಅಂದರೆ ತುಪ್ಪ ಹಾಕಿ ಕಲಸಿ ಕೊಡುತ್ತಾರೆ. ಮೆನುವಿನಲ್ಲಿ ಅದು ಇರುವುದಿಲ್ಲ. ಒಂದು ಹೊತ್ತು ಮಾಟುಂಗಾಕ್ಕೆ ಹೋಗಿ. ಸ್ಟೇಷನ್ ಪಕ್ಕ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಬಾಳೆಲೆ ಊಟ, 1942ರಿಂದ ಇದೆ. ಕೆಫೆ ಮದ್ರಾಸ್ ತಿಂಡಿಗೆ ಚೆನ್ನಾಗಿದೆ, ಆದರೆ ಭಾನುವಾರ ಬೆಳಿಗ್ಗೆ ಬೀದಿಯವರೆಗೂ ಕ್ಯೂ. ಮಕ್ಕಳು ನಿಲ್ಲುವುದಿಲ್ಲ. ಮೈಸೂರು ಅಸೋಸಿಯೇಷನ್ ಕೂಡ ಅಲ್ಲೇ, 1926ರಲ್ಲಿ ಶುರುವಾದದ್ದು. ನಾಟಕ, ಸಂಗೀತ ಏನಾದರೂ ಇದೆಯಾ ನೋಡಿಕೊಳ್ಳಿ.

ಮಂಡ್ಯದ_ಗಂಡು
ಬೆಂಗಳೂರಿನಿಂದ ಮುಂಬೈಗೆ ಹೋಗಿ ಉಡುಪಿ ಹೋಟೆಲ್‌ನಲ್ಲಿ ಇಡ್ಲಿ ತಿನ್ನುವುದಾ? ವಡಾಪಾವ್ ತಿನ್ನಿ ಅಕ್ಕ.

ಊಟದ_ಡಬ್ಬಿ
ವಡಾಪಾವ್ ಅಮ್ಮನಿಗೆ. ಒಣ ಚಟ್ನಿ ಖಾರ ಮಗುವಿನ ಕೈಗೆ, ಕೈ ಕಣ್ಣಿಗೆ. ಆಮೇಲೆ ನೀವು ಬಂದು ಸಮಾಧಾನ ಮಾಡುತ್ತೀರಾ?

ಹೆಬ್ಬಾಳ_ಫ್ಲೈಓವರ್
ನಾನು ಬೇರೆಯದೇ ಹೇಳುತ್ತೇನೆ, ಬೈಯಬೇಡಿ. ಇಬ್ಬರನ್ನೂ ಕರೆದುಕೊಂಡು ಹೋದರೆ ಅದು ನಿಮಗೆ ರಜೆ ಅಲ್ಲ. ಮನೆಯಲ್ಲಿ ಮಾಡುವ ಕೆಲಸವನ್ನೇ ಬೇರೆ ಊರಿನ ಸಣ್ಣ ರೂಮಿನಲ್ಲಿ, ಅಡುಗೆಮನೆ ಇಲ್ಲದೆ ಮಾಡುವುದು. ಇದನ್ನು ಮೊದಲೇ ಒಪ್ಪಿಕೊಂಡು ಹೋದರೆ ಬೇಜಾರಿಲ್ಲ. ಮಕ್ಕಳ ಜೊತೆ ಹೋಗುವುದು ಒಂದು ಥರ, ಗಂಡನ ಜೊತೆ ಹೋಗುವುದು ಇನ್ನೊಂದು ಥರ. ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮುಗಿಸುತ್ತೇನೆ ಅಂದರೆ ಎರಡೂ ಅರ್ಧಂಬರ್ಧ. ಇದು ಮಕ್ಕಳ ಟ್ರಿಪ್ ಅಂತ ಹೋಗಿ ಬನ್ನಿ. ಚಿಕ್ಕವನು ಹಾಲು ಬಿಟ್ಟ ಮೇಲೆ, ಇಬ್ಬರನ್ನೂ ಅತ್ತೆ ಹತ್ತಿರ ಒಂದೇ ಒಂದು ರಾತ್ರಿ ಬಿಟ್ಟು, ನೀವಿಬ್ಬರೂ ನಂದಿಬೆಟ್ಟಕ್ಕಾದರೂ ಹೋಗಿ ಬನ್ನಿ. ಮತ್ತೆ, ಯಜಮಾನರಿಗೂ ಮೊದಲೇ ಹೇಳಿ. ಬೆಳಿಗ್ಗೆ ಡೈಪರ್ ಅವರದ್ದು, ಮಧ್ಯಾಹ್ನದ ಊಟ ನಿಮ್ಮದು ಅಂತ ಹಂಚಿಕೊಂಡು ಹೋಗಿ. ಅಲ್ಲಿ ಹೋಗಿ ಹಂಚಿಕೊಳ್ಳುತ್ತೇವೆ ಅಂದರೆ ಎಲ್ಲವೂ ನಿಮ್ಮ ಪಾಲಿಗೇ ಬರುತ್ತದೆ.

ಅವಳಿ_ಜವಳಿ
ಇದನ್ನು ಪಿನ್ ಮಾಡಬೇಕು.

ನಿವೃತ್ತ_ಮೇಷ್ಟ್ರು
ನಾನು ಮೊದಲೇ ಹೇಳಿದ್ದು ಇದನ್ನೇ, ಸ್ವಲ್ಪ ಕಡಿಮೆ ಮಾತಿನಲ್ಲಿ.

ತುಮಕೂರು_ಸೊಸೆ
ಹೊಸ ಸುದ್ದಿ. ಅಜ್ಜಿ ಹೇಳಿದ ಹಾಗೆ ಅತ್ತೆಯನ್ನು "ನೀವೂ ಬನ್ನಿ" ಅಂತ ಕರೆದೆ. ಅವರು ಹೇಳಿದ್ದು: "ನನಗೆ ಮಂಡಿ ನೋವು, ನಾನು ಬರುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನಿಮ್ಮ ಮಾವನವರನ್ನೂ ಕರೆದುಕೊಂಡು ಹೋಗು. ನಾನು ಮೂರು ದಿನ ಮನೆಯಲ್ಲಿ ಆರಾಮಾಗಿರುತ್ತೇನೆ."

ಮಾವನವರು ಅದಾಗಲೇ ಬ್ಯಾಗ್ ಇಳಿಸಿದ್ದಾರೆ. ಹುಡುಗರಾಗಿದ್ದಾಗ ಬಾಂಬೆ ನೋಡಿದ್ದರಂತೆ. ಡಬಲ್ ಡೆಕರ್ ಬಸ್ಸು, ಕಪ್ಪು ಹಳದಿ ಫಿಯಟ್ ಟ್ಯಾಕ್ಸಿ, ಎರಡರಲ್ಲೂ ಮೊಮ್ಮಗಳನ್ನು ಕೂರಿಸಬೇಕಂತೆ.

ಹಾಸನದ_ಅಜ್ಜಿ
ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸಮ್ಮ. ಬುದ್ಧಿವಂತೆ.

ಕೋರಮಂಗಲ_ಕುಮಾರ
ಮೇಡಂ, ನಿಮಗೆ ಈಗ ಮೂರು ಮಕ್ಕಳು.

ಅವಳಿ_ಜವಳಿ
ಹಾಗನ್ನಬೇಡಿ. ವಿಮಾನದಲ್ಲಿ ಒಬ್ಬರು ಜೊತೆಗಿದ್ದರೆ ಎಷ್ಟೋ ವಾಸಿ. ಮಗಳು ತಾತನ ಪಕ್ಕ ಕಿಟಕಿ ಸೀಟಿನಲ್ಲಿ ಕೂರುತ್ತಾಳೆ, ಚಿಕ್ಕವನು ನಿಮ್ಮ ಹತ್ತಿರ. ಸೆಕ್ಯೂರಿಟಿ ಚೆಕ್‌ನಲ್ಲಿ ಬ್ಯಾಗ್ ಹಿಡಿಯಲು ಒಂದು ಕೈ. ಸಂಜೆ ರೂಮಿನಲ್ಲಿ ತಾತ ಇದ್ದರೆ ನಿಮ್ಮ ಕಾಫಿಯೂ ಆಗುತ್ತದೆ. ಪಕ್ಕಪಕ್ಕದ ರೂಮು ಕೇಳಿ, ಮುಂಬೈ ರೂಮಿನಲ್ಲಿ ಐದು ಜನ ಹಿಡಿಸುವುದಿಲ್ಲ.

ತುಮಕೂರು_ಸೊಸೆ
ಸರಿ, ಐದೂ ಜನ ಹೋಗುವುದು ಅಂತ ಆಯಿತು, ಟಿಕೆಟ್ ಆಯಿತು. ನನ್ನ ಪ್ಲಾನ್ ನೋಡಿ ಹೇಳಿ. ಶನಿವಾರ ಬೆಳಿಗ್ಗೆ ಗೇಟ್‌ವೇ ಮತ್ತು ಮ್ಯೂಸಿಯಂ, ಸಂಜೆ ಮರೀನ್ ಡ್ರೈವ್. ಭಾನುವಾರ ಭಾಯ್ಖಳಾದ ರಾಣಿ ಬಾಗ್ ಝೂ, ಪೆಂಗ್ವಿನ್ ನೋಡಲು. ಸೋಮವಾರ ಬ್ಯಾಗ್ ಹೋಟೆಲ್‌ನಲ್ಲಿಟ್ಟು ಬೆಳಿಗ್ಗೆ ಎಲಿಫೆಂಟಾಗೆ ದೋಣಿ, ಸಂಜೆ ವಿಮಾನ.

ಡೊಂಬಿವಲಿ_ಶೆಟ್ಟಿ
ಶನಿವಾರ ಸರಿ ಇದೆ. ಆ ಮ್ಯೂಸಿಯಂ ಆವರಣದಲ್ಲೇ ಮಕ್ಕಳದ್ದು ಅಂತ ಬೇರೆ ಮ್ಯೂಸಿಯಂ ಇದೆ, 2019ರಲ್ಲಿ ಶುರುವಾಯಿತು. ಮೊದಲು ಅಲ್ಲಿಗೆ ಹೋಗಿ, ದೊಡ್ಡದನ್ನು ಆಮೇಲೆ ಚೈತನ್ಯ ಇದ್ದಷ್ಟು ನೋಡಿ.

ಸೋಮವಾರ ಎಲಿಫೆಂಟಾ ಗುಹೆ ಮುಚ್ಚಿರುತ್ತದೆ. ಮುಚ್ಚಿರದಿದ್ದರೂ ಈ ಸಲ ಬೇಡ ಅನ್ನುತ್ತೇನೆ. ದೋಣಿಯಲ್ಲೇ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಇಳಿದ ಮೇಲೆ ಪುಟಾಣಿ ರೈಲು ಇದೆ, ಆದರೆ ಗುಹೆಗೆ 120 ಮೆಟ್ಟಿಲು, ದಾರಿಯುದ್ದಕ್ಕೂ ಕೋತಿಗಳು. ಮಗುವಿನ ಕೈಯಲ್ಲಿ ಬಿಸ್ಕತ್ತು ಉಳಿಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ದಾರಿಯಲ್ಲಿ ದೊಡ್ಡ ದೋಣಿ ಅಪಘಾತ ಆಯಿತು. ಆಮೇಲೆ ಲೈಫ್ ಜಾಕೆಟ್ ಕಡ್ಡಾಯ ಮಾಡಿದ್ದಾರೆ. ಗೇಟ್‌ವೇ ಹತ್ತಿರ ಸುಮ್ನೆ ಒಂದು ಸುತ್ತು ದೋಣಿ ಹತ್ತಿದರೂ ಮಗುವಿನ ಅಳತೆಯ ಜಾಕೆಟ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಹತ್ತಬೇಡಿ.

ರಾಣಿ ಬಾಗ್ ಬುಧವಾರ ಮಾತ್ರ ರಜೆ. ಭಾನುವಾರ ಅಲ್ಲಿ ಅರ್ಧ ಮುಂಬೈ ಇರುತ್ತದೆ, ಪೆಂಗ್ವಿನ್ ಕಾಣುವ ಮೊದಲು ತಲೆಗಳೇ ಕಾಣುತ್ತವೆ. ಅದನ್ನು ಸೋಮವಾರ ಬೆಳಿಗ್ಗೆಗೆ ಹಾಕಿ. ಭಾನುವಾರ ಬೆಳಿಗ್ಗೆ ಬೇಗ ಮಲಬಾರ್ ಹಿಲ್‌ಗೆ ಹೋಗಿ. ಕಮಲಾ ನೆಹರೂ ಪಾರ್ಕಿನಲ್ಲಿ ಬೂಟಿನ ಆಕಾರದ ಮನೆ ಇದೆ, ಮಗಳಿಗೆ ಅದೊಂದೇ ಸಾಕು. ಹತ್ತಿರದಲ್ಲೇ ಮರಗಳ ನಡುವೆ ಎತ್ತರದಲ್ಲಿ ನಡೆಯುವ ಹಲಗೆ ದಾರಿ ಮಾಡಿದ್ದಾರೆ, 2025ರಲ್ಲಿ ತೆರೆದದ್ದು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಕೊಳ್ಳಿ.

ಮಾವನವರಿಗೆ ಹೇಳಿ, ಆ ಹಳೇ ಫಿಯಟ್, ಅಂದರೆ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ನಿಂತುಹೋದವು. ಕಪ್ಪು ಹಳದಿ ಬಣ್ಣ ಇದೆ, ಗಾಡಿ ಬೇರೆ. ಹಳೇ ಕೆಂಪು ಡಬಲ್ ಡೆಕರ್ ಕೂಡ ಅದೇ ವರ್ಷ ಹೋಯಿತು. ಈಗ ಎಲೆಕ್ಟ್ರಿಕ್ ಎಸಿ ಡಬಲ್ ಡೆಕರ್ ಓಡುತ್ತದೆ.

ರೈಲು_ಹುಚ್ಚ
ವರ್ಲಿಯ ನೆಹರೂ ಸೈನ್ಸ್ ಸೆಂಟರ್ ಬಿಟ್ಟಿರಲ್ಲ ಶೆಟ್ರೇ! ಹೊರಗೆ ಪಾರ್ಕಿನಲ್ಲಿ ಹಳೇ ಉಗಿ ಎಂಜಿನ್ ಇದೆ, ಟ್ರಾಮ್ ಇದೆ. ನಮ್ಮ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇಷ್ಟಪಡುವ ಮಕ್ಕಳಿಗೆ ಅಲ್ಲೂ ಖುಷಿ. ಮೆಟ್ರೋ ಸ್ಟೇಷನ್ನೇ ಸೈನ್ಸ್ ಸೆಂಟರ್ ಹೆಸರಿನಲ್ಲಿದೆ. ತಾತನಿಗೆ ಎಂಜಿನ್, ಮೊಮ್ಮಗಳಿಗೆ ಜಾರುಬಂಡಿ.

ಜರ್ಮನಿ_ಜಯನಗರ
ದಿನಕ್ಕೆ ಎರಡೇ ಜಾಗ ಅಂದಿದ್ದೆ.

ರೈಲು_ಹುಚ್ಚ
ಭಾನುವಾರ ಸಂಜೆ ಖಾಲಿ ಇದೆಯಲ್ಲ ಸಾರ್.

ತುಮಕೂರು_ಸೊಸೆ
ಖಾಲಿ ಇಲ್ಲ. ಭಾನುವಾರ ಸಂಜೆ ಮಾವನವರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ನಾವಿಬ್ಬರೂ ಹೊರಗೆ ಹೋಗುತ್ತೇವೆ. ಸೋಮವಾರ ಝೂ, ಎಲಿಫೆಂಟಾ ಇಲ್ಲ. ಬಂದ ಮೇಲೆ ಬರೆಯುತ್ತೇನೆ. ಸ್ಟ್ರಾಲರ್ ತಗೊಂಡು ಹೋಗಬೇಕಾ ಬೇಡವಾ ಅನ್ನುವುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಬಸವನಗುಡಿ_ಬಾಲು
ಬೇಡ.

ಜರ್ಮನಿ_ಜಯನಗರ
ಬೇಕು.